ವೀಳ್ಯದೆಲೆ ಇಟ್ಟು ಕೇಳಿದ ಪ್ರಶ್ನೆ

ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿಗೆ ನಾನು ಬಂದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಮಾಗಿಯ ಮಂಜು ಹೊಳೆಯಿಂದ ಎದ್ದು, ಕೋಟೆ ಗೋಡೆ ದಾಟಿ, ರಸ್ತೆಗೆ ಬಂದು ಕೂತಿತ್ತು. ಎದುರಿನ ಟೀ ಅಂಗಡಿಯ ದೀಪ ಕಾಣುತ್ತಿತ್ತು, ಅಂಗಡಿ ಕಾಣುತ್ತಿರಲಿಲ್ಲ. ರಿಯಾಜ್ ಬರುತ್ತಾನೋ ಕೈ ಕೊಡುತ್ತಾನೋ ಎಂಬ ಅನುಮಾನ ನನಗೆ. ಬಂದಿದ್ದ. ಕಿವಿಗೆ ಮಫ್ಲರು ಸುತ್ತಿ, ಕೈ ಕಟ್ಟಿಕೊಂಡು, ಇಷ್ಟವಿಲ್ಲದ ನೆಂಟರ ಮನೆಗೆ ಹೊರಟವನ ಹಾಗೆ ಮುಖ ಮಾಡಿಕೊಂಡು ನಿಂತಿದ್ದ.

"ಬಂದಿವ್ನಿ ಮಿಸ್. ಆದ್ರೆ ಮಾತು ಮಾತೇ. ಸೋಮ್ವಾರ ಟಿ.ಸಿ. ಕೊಟ್‌ಬುಡ್ಬೇಕು."

"ಕೊಡ್ತೀನಿ ಕಣಪ್ಪ, ಮೊದ್ಲು ಬಸ್ಸು ಹತ್ತು" ಅಂದೆ.

ರಿಯಾಜ್ ಇಲ್ಲೇ ಪಕ್ಕದ ಗಂಜಾಂನವನು, ಗೂಡ್ಸ್ ಆಟೋ ಓಡಿಸುತ್ತಾನೆ. ಅವನ ಮಗಳು ಸಮೀನಾ ನಮ್ಮ ಸರ್ಕಾರಿ ಶಾಲೆಯಲ್ಲಿ, ನನ್ನ ನಾಲ್ಕನೇ ಕ್ಲಾಸಿನಲ್ಲಿ ಓದುತ್ತಾಳೆ. ಪಾಠವನ್ನೆಲ್ಲ ನಾನೇ ಒದರಿ ಮುಗಿಸುವ ಬದಲು ಮಕ್ಕಳೇ ಕೇಳಿ, ನೋಡಿ, ಮಾಡಿ ಕಂಡುಕೊಳ್ಳಲಿ ಅಂತ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೆ. ಅಪ್ಪ ಅಮ್ಮ ದುಡಿಯುವ ಜಾಗಕ್ಕೆ ಹೋಗಬೇಕು, ಅಲ್ಲಿಂದ ಒಂದು 'ಯಾಕೆ' ಹೊತ್ತು ತರಬೇಕು. ಸಮೀನಾ ಅಪ್ಪನ ಆಟೋದಲ್ಲಿ ಕ್ಯಾತನಹಳ್ಳಿ ಕಡೆಯ ಒಂದು ಆಲೆಮನೆಗೆ ಹೋದಳು. ರಿಯಾಜ್ ಅಲ್ಲಿಂದಲೇ ಬೆಲ್ಲದ ಲೋಡು ತರುವುದು. ಅಲ್ಲಿ ಹುಡುಗಿ ವ್ಯಾಪಾರಸ್ಥರ ಎದುರಿಗೇ ಯಜಮಾನರನ್ನು ಕೇಳಿಬಿಟ್ಟಳು: "ಅಂಕಲ್, ಮಾರೋ ಬೆಲ್ಲ ಬೆಳ್ಳಗಿದೆ, ನಿಮ್ಮನೆಗೆ ಎತ್ತಿಟ್ಟಿರೋದು ಕರ್ರಗಿದೆ. ಯಾಕೆ?"

ಬಿಳಿ ಬರಲಿ ಅಂತ ಪಾಕಕ್ಕೆ ಕೆಮಿಕಲ್ ಪುಡಿ ಹಾಕುವುದು ಅಲ್ಲಿದ್ದವರಿಗೆಲ್ಲ ಗೊತ್ತು, ಆದರೆ ಯಾರೂ ಬಾಯಿ ಬಿಟ್ಟು ಆಡುವ ಮಾತಲ್ಲ. ಯಜಮಾನರು ಆಗ ನಕ್ಕರು. ಮಾರನೇ ದಿನ ರಿಯಾಜ್‌ಗೆ ಇನ್ನು ಬರಬೇಡ ಅಂದರು. ಆ ಸಂಜೆ ಅವನು ಮಗಳ ಕೆನ್ನೆಗೆ ಬಾರಿಸಿದ.

ಅವತ್ತಿನಿಂದ ಸಮೀನಾ ಏನನ್ನೂ ಕೇಳುವುದಿಲ್ಲ. ಹೊಳೆ ಎರಡಾಗಿ ಊರನ್ನು ಬಳಸಿಕೊಂಡು ಹೋಗುತ್ತಲ್ಲ, ಊರು ಇಲ್ಲಿದೆ ಅಂತ ಅದಕ್ಕೆ ಯಾರು ಹೇಳಿದರು ಅಂತ ನನ್ನನ್ನು ಕೇಳಿದ್ದ ಹುಡುಗಿ ಅದು. ಈಗ ಹಾಜರಿ ಕೂಗಿದರೆ "ಎಸ್ ಮಿಸ್" ಅನ್ನುತ್ತದೆ, ಅಷ್ಟೇ. ಪಾಠ ಕೊಟ್ಟವಳು ನಾನು, ಪೆಟ್ಟು ತಿಂದವಳು ಅವಳು. ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಅವಳನ್ನು ಬಾಯಿಪಾಠದ ಕಾನ್ವೆಂಟಿಗೆ ಹಾಕುತ್ತೇನೆ ಅಂತ ರಿಯಾಜ್ ಬಂದಾಗ ನಾನು ಒಂದೇ ಒಂದು ದಿನ ಕೇಳಿದೆ. ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ನನ್ನ ಗೆಳತಿ ಸಾವಿತ್ರಿ ಟೀಚರ್. ಅಲ್ಲಿಯ ಅಪ್ಪ ಅಮ್ಮಂದಿರು ಇಂಥ ಪಾಠವನ್ನು ಹೇಗೆ ನಡೆಸಿಕೊಡುತ್ತಾರೆ, ಒಮ್ಮೆ ಬಂದು ನೋಡು, ಆಮೇಲೆ ನಿನ್ನಿಷ್ಟ ಅಂದೆ, ಶನಿವಾರಕ್ಕೆ ನಾನೂ ರಜೆ ಹಾಕಿದೆ.

ಬಸ್ಸು ಹೊರಟಿತು. ನನಗೆ ಸೊನ್ನೆ ರೂಪಾಯಿ ಟಿಕೆಟ್ಟು, ಅವನಿಗೆ ದುಡ್ಡಿನ ಟಿಕೆಟ್ಟು. "ಗಂಡಸಾಗಿ ಉಟ್ಟಿದ್ದೇ ತಪ್ಪು" ಅಂತ ಗೊಣಗಿದ. ಕಿರಂಗೂರು ದಾಟಿದ ಮೇಲೆ ಗದ್ದೆ ಬಯಲೆಲ್ಲ ಹಾಲು ಚೆಲ್ಲಿದ ಹಾಗೆ. ನಡುವೆ ತೆಂಗಿನ ತಲೆಗಳು ಮಾತ್ರ ತೇಲುತ್ತಿದ್ದವು. ಕಿಟಕಿ ಸಂದಿಯಿಂದ ತಣ್ಣಗೆ ಗಾಳಿ, ಜೊತೆಗೆ ಎಲ್ಲಿಂದಲೋ ಕುದಿಯುವ ಕಬ್ಬಿನ ಹಾಲಿನ ವಾಸನೆ. ರಿಯಾಜ್ ಮುಖ ಆ ಕಡೆ ತಿರುಗಿಸಿದ. ಪಾಂಡವಪುರದಲ್ಲಿ ಇಳಿದು ಬಸ್ಸು ಬದಲಿಸಿದಾಗ ಕುಂತಿಬೆಟ್ಟದ ಬಂಡೆಗಳು ಅರ್ಧ ಮಾತ್ರ ಕಂಡವು, ಬುಡವೇ ಇಲ್ಲದೆ ಗಾಳಿಯಲ್ಲಿ ನಿಂತಂತೆ. ನಾನು ಚಿನಕುರಳಿ ಬರುವ ಹೊತ್ತಿಗೆ ಕಣ್ಣು ಮುಚ್ಚಿದವಳು, ಕೆ.ಆರ್. ಪೇಟೆ ಅಂತ ಕಂಡಕ್ಟರ್ ಕೂಗಿದಾಗಲೇ ಎದ್ದದ್ದು. ಕನಸಿನಲ್ಲಿ ನಮ್ಮ ಶಾಲೆಯ ಮಕ್ಕಳೆಲ್ಲ ಮಂಜಿನೊಳಗೆ ಏನೋ ಕೂಗುತ್ತಿದ್ದರು, ಒಂದು ಮಾತೂ ಕೇಳಿಸುತ್ತಿರಲಿಲ್ಲ.

ಸಾವಿತ್ರಿ ಬೆಳಗಿನ ಪಾಠವನ್ನು ಜೊತೆಯ ಮೇಷ್ಟ್ರಿಗೆ ಒಪ್ಪಿಸಿ ಬಂದು, ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಕಾಯುತ್ತಿದ್ದಳು. ಗುಂಡಗೆ, ಗಟ್ಟಿ ದನಿಯ ಹೆಂಗಸು. ಇಡ್ಲಿ ಆರಿಹೋದರೆ ಸರ್ವರನ್ನು ಗದರಿಸುವಷ್ಟು ಸಲಿಗೆ ಅವಳಿಗೆ ಅಲ್ಲಿ. ಬಿಸಿ ಇಡ್ಲಿ, ಕಾಯಿ ಚಟ್ನಿ ತಿಂದು ನಾಗಮಂಗಲದ ಪ್ರೈವೇಟ್ ಬಸ್ಸು ಹತ್ತಿದೆವು. ಪ್ರೈವೇಟಿನಲ್ಲಿ ನನ್ನ ಸೊನ್ನೆ ಟಿಕೆಟ್ಟು ನಡೆಯಲಿಲ್ಲ. ನಾನು ಪರ್ಸು ತೆಗೆಯುವುದನ್ನು ನೋಡಿ ರಿಯಾಜ್ ಆ ದಿನ ಮೊದಲ ಸಲ ನಕ್ಕ.

ದಾರಿಯಲ್ಲಿ ಸಾವಿತ್ರಿ ತನ್ನ ಶಾಲೆಯ ಕಥೆ ಹೇಳಿದಳು. ಮೊದಲ ವರ್ಷ ಅವಳು ಮಕ್ಕಳ ಕೈಲಿ ಮನೆಮನೆಗೆ ಹೇಳಿ ಕಳಿಸಿದಳಂತೆ, "ಶನಿವಾರ ಶಾಲೆಯಲ್ಲಿ ಪ್ರಶ್ನೆ ಕೇಳುವ ಕಾರ್ಯಕ್ರಮ, ಎಲ್ಲರೂ ಬನ್ನಿ" ಅಂತ. ಆ ಕಡೆ ಪ್ರಶ್ನೆ ಕೇಳುವುದು ಅಂದರೆ ಒಂದೇ ಅರ್ಥ. ಕಳುವು, ಕಾಯಿಲೆ, ಮದುವೆ ಏನಾದರೂ ತೊಡಕಾದರೆ ದೇವರು ಮೈಮೇಲೆ ಬರುವವರ ಮುಂದೆ ಎಲೆ ಅಡಿಕೆ ಇಟ್ಟು ಕೇಳುತ್ತಾರಲ್ಲ, ಅದು. ಶನಿವಾರ ಊರಿಗೆ ಊರೇ ತಲೆಗೆ ನೀರು ಹಾಕಿಕೊಂಡು, ವೀಳ್ಯದೆಲೆ, ಅಡಿಕೆ, ನಿಂಬೆಹಣ್ಣು ಹಿಡಿದು ಬಂದು ಶಾಲೆ ಜಗಲಿ ಮುಂದೆ ಕೂತಿತು. ಒಬ್ಬರು ಮೆಲ್ಲಗೆ ಕೇಳಿದರಂತೆ, "ಮೇಡಮ್ಮೋರೆ, ದ್ಯಾವ್ರು ಬರೋದು ಯಾರ್ ಮೈಮೇಲೆ?"

"ನಂಗೆ ನಗು ತಡೀಲಾರ್ದೆ ಒಳಗೋಡಿದೆ ಕಣೇ" ಅಂದಳು ಸಾವಿತ್ರಿ. "ಆಮೇಲೆ ನೋಡ್ತೀನಿ, ಕೂಲಿ ಬುಟ್ಟು ಬಂದವ್ರೆ, ಮಡಿ ಉಟ್ಕೊಂಡು ಬಂದವ್ರೆ. ವಾಪಸ್ ಕಳ್ಸಕ್ಕೆ ಮನಸ್ಸು ಬರ್ಲಿಲ್ಲ. ಮಕ್ಕಳ್ನ ಸಾಲಾಗಿ ಕೂರ್ಸಿ, ಇವ್ರೇ ಕಣ್ರಪ್ಪ, ಕೇಳಿ ಅಂದ್‌ಬುಟ್ಟೆ."

ಒಬ್ಬ ರೈತ ತನ್ನ ತೆಂಗಿನ ಮರ ಯಾಕೆ ಹರಳಿನಲ್ಲೇ ಎಳೆಕಾಯಿ ಉದುರಿಸುತ್ತದೆ ಅಂತ ಕೇಳಿದನಂತೆ. ಮಕ್ಕಳು ವಾರಗಟ್ಟಲೆ ಆ ತೋಟಕ್ಕೆ ಓಡಾಡಿದರು. ಅಲ್ಲಿಂದ ಅದೇ ಪದ್ಧತಿಯಾಯಿತು. ಎಲೆ ಅಡಿಕೆ ಇಟ್ಟವರಿಗೆ ಮಕ್ಕಳು ಗೊತ್ತಿಲ್ಲ ಅನ್ನುವ ಹಾಗಿಲ್ಲ, ಸುಮ್ಮನೆ ಏನೋ ಒಂದು ಹೇಳುವ ಹಾಗೂ ಇಲ್ಲ. "ನೋಡಿ ಏಳ್ತೀವಿ" ಅನ್ನಬೇಕು, ನೋಡಬೇಕು, ಬಂದು ಹೇಳಬೇಕು. ನೋಡುವುದಕ್ಕೆ ಊರಿನವರು ಜೊತೆಗೆ ಹೋಗಬೇಕು.

ಹಳ್ಳಿಗೆ ತಿರುಗುವ ಗೇಟಿನಲ್ಲಿ ಇಳಿದು ರಾಗಿ ಕೊಯ್ದ ಹೊಲಗಳ ನಡುವೆ ನಡೆದೆವು. ಮಂಜು ಕರಗಿ ಎಳೆಬಿಸಿಲು ಬಂದಿತ್ತು, ಒಣಗಿದ ಕೂಳೆಯ ತುದಿಯಲ್ಲೆಲ್ಲ ನೀರು ಮಿನುಗುತ್ತಿತ್ತು. ಆ ಬೆಳಕಿನಲ್ಲಿ ನನಗೆ ಮಾತಾಡುವುದೇ ಬೇಡ ಅನ್ನಿಸಿತು. ನನ್ನಂಥ ಬಾಯಿಬಡುಕಿಗೆ ಹಾಗೆ ಅನ್ನಿಸುವುದು ಅಪರೂಪ.

ಶಾಲೆ ಎರಡೇ ಕೋಣೆಯದು. ಪಾಠ ಮುಗಿದು ಹೊತ್ತು ಏರಿದ ಮೇಲೆ ಜನ ಬರತೊಡಗಿದರು. ಹಾಲು ಹಾಕಿ ಬಂದವರು, ಮೇವು ಇಳಿಸಿ ಬಂದವರು, ಸೊಂಟದಲ್ಲಿ ಕೂಸು ಇಟ್ಟುಕೊಂಡವರು. ಮಕ್ಕಳು ಜಗಲಿಯ ಮೇಲೆ ಗಂಭೀರವಾಗಿ ಕೂತಿದ್ದರು. ಮೊದಲು ಮುಂದೆ ಬಂದವಳು ಪುಟ್ಟತಾಯಮ್ಮ ಎಂಬ ಮುದುಕಿ. ಎಲೆ ಇಟ್ಟು, ಸೆರಗು ಹೊದ್ದು ಕೂತಳು.

"ನಮ್ ಉಂಜ ಸರೊತ್ನಲ್ಲಿ ಕೂಗ್ತದೆ ಕಣ್ರವ್ವಾ. ಒತ್ತಲ್ಲದ ಒತ್ನಲ್ಲಿ ಉಂಜ ಕೂಗುದ್ರೆ ಮನೇಲಿ ಸಾವಂತೆ. ಯಾರದು ಅಂತ ಏಳ್‌ಬುಡಿ, ನಂದಾದ್ರೆ ಚಿಂತಿಲ್ಲ."

ತಮಾಷೆಗೆ ಬಂದವಳಲ್ಲ. ಮಕ್ಕಳು ನಗಲಿಲ್ಲ. ಎರಡು ಜಡೆಯ ಚಂದನಾ ಎಂಬ ಹುಡುಗಿ, ಐದನೇ ಕ್ಲಾಸಿನವಳು, ಕೇಳಿದಳು: "ಯಾವಾಗಿಂದ ಅಜ್ಜಿ?"

"ಗೌರಿ ಅಬ್ಬ ಆದ್ಮೇಲಿಂದ."

"ಉಂಜನ ಎಲ್ಲಿ ಮಡಗ್ತೀಯ?"

"ಜಗ್ಲಿ ಮೇಲೆ, ಬುಟ್ಟಿ ಕವುಚಿ."

"ನಿಮ್ಮನೆ ಮುಂದ್ಕೆ ಬೀದಿ ದೀಪ ಯಾವಾಗ ಆಕುದ್ರು?"

ಜನದಲ್ಲಿ ಗುಜುಗುಜು ಎದ್ದಿತು. ದೀಪ ಹಾಕಿದ್ದೂ ಗೌರಿ ಹಬ್ಬದ ಆಸುಪಾಸಿನಲ್ಲೇ. ಬುಟ್ಟಿಯ ಮೇಲೆ ದಪ್ಪ ಗೋಣಿಚೀಲ ಹೊದಿಸಿ ನೋಡೋಣ ಅಂತ ಮಕ್ಕಳು ತೀರ್ಮಾನಿಸಿದರು. ಗೋಣಿಚೀಲ ನಾನು ಕೊಡುತ್ತೇನೆ ಅಂತ ಒಬ್ಬ ಅಪ್ಪ ಎದ್ದ. ಕೂಗು ಯಾವಾಗ ಕೇಳುತ್ತದೋ ಗುರುತಿಟ್ಟು ಹೇಳುತ್ತೇನೆ ಅಂದಳು ಪಕ್ಕದ ಮನೆಯ ಸೊಸೆ. ಪುಟ್ಟತಾಯಮ್ಮ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. "ಅಯ್ಯೋ ಶಿವ್ನೇ, ನಮ್ ಉಂಜಂಗೆ ನಿದ್ದೆ ಕೆಟ್ಟದಾ ಅಂಗಾದ್ರೆ?" ಅಂದಳು.

"ನೋಡಿ ಏಳ್ತೀವಿ ಅಜ್ಜಿ" ಅಂದರು ಮಕ್ಕಳು ಒಟ್ಟಿಗೆ.

ಸಾವಿತ್ರಿ ರಿಯಾಜ್ ಕಡೆ ತಿರುಗಿದಳು. "ನೀನೂ ಒಂದು ಕೇಳಣ್ಣ, ಇಷ್ಟು ದೂರ ಬಂದಿದ್ದೀಯ."

"ತೌಬಾ ತೌಬಾ. ನಮ್ಮಲ್ಲಿ ಇದೆಲ್ಲ ಕೇಳಂಗಿಲ್ಲ ಮೇಡಂ."

"ದ್ಯಾವ್ರಲ್ಲ ಕಣಣ್ಣ, ಇವು ಮಕ್ಕಳು."

ಪುಟ್ಟತಾಯಮ್ಮ ತನ್ನ ಎಲೆಯಲ್ಲೇ ಒಂದನ್ನು ತೆಗೆದು ಅವನ ಕೈಗೆ ಕೊಟ್ಟಳು. ಅವನು ಅದನ್ನು ಹಿಂದೆ ಮುಂದೆ ನೋಡಿ, ಮಫ್ಲರು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಎಲೆ ಇಟ್ಟು, ಜಗಲಿಯ ಕೆಳಗೆ ಕೂತ. ಅವನು ಬೆಲ್ಲದ ಕಥೆಯನ್ನೆಲ್ಲ ಹೇಳಿದ. ಯಜಮಾನರ ಹೆಸರು ಮಾತ್ರ ಹೇಳಲಿಲ್ಲ. ಕೊನೆಗೆ ಕೇಳಿದ: "ಈಗ ನೀವೇ ಏಳಿ. ಕೇಳ್ಬಾರದ್ನ ಕೇಳೋ ಮಗೀನ ಏನ್ ಮಾಡ್ಬೇಕು?"

ಮಕ್ಕಳು ಆ ಪ್ರಶ್ನೆಯನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವರಿಗೆ ಬೆಲ್ಲ ಬೇಕಾಗಿತ್ತು. ಎರಡೂ ಬೆಲ್ಲ ತಂದಿದ್ದೀರಾ ಅಂದ ಒಬ್ಬ. ನೀರಲ್ಲಿ ಕದಡಿ ನೋಡಣ ಅಂದ ಇನ್ನೊಬ್ಬ. ಇರುವೆ ಯಾವುದಕ್ಕೆ ಜಾಸ್ತಿ ಬರ್ತದೆ ನೋಡಣ ಅಂದಿತು ಒಂದು ಪುಟಾಣಿ. ಚಂದನಾ ಮಾತ್ರ ಅವನನ್ನೇ ನೋಡುತ್ತಿದ್ದಳು.

"ಮಾವ, ಅವ್ಳು ಕೇಳಿದ್ಕೆ ನೀವೇನ್ ಏಳುದ್ರಿ?"

ರಿಯಾಜ್ ತಲೆ ತಗ್ಗಿಸಿದ. "ಒಡ್ದೆ."

"ಅದು ಉತ್ರ ಅಲ್ವಲ್ಲ ಮಾವ."

ಕುಹಕವಿಲ್ಲ, ಕೊಂಕಿಲ್ಲ. ಲೆಕ್ಕ ತಪ್ಪಾಗಿದೆ ಅಂತ ಹೇಳುವ ಹಾಗೆ ಹೇಳಿದಳು. ಪುಟ್ಟತಾಯಮ್ಮ "ಥೂ, ಬಾಯ್ಮುಚ್ಚೇ, ದೊಡ್ಡೋರ್ಗೆ ಅಂಗಂತಾರಾ" ಅಂತ ಗದರಿದಳು. ರಿಯಾಜ್ ಕೈ ಎತ್ತಿ ಮುದುಕಿಯನ್ನು ತಡೆದ. "ಬುಡಿ ಅಜ್ಜಿ, ಸರಿಯಾಗೇ ಏಳೈತೆ" ಅಂದ. ನನಗೆ ಕಣ್ಣು ಮಂಜಾಯಿತು, ಸುಳ್ಳು ಯಾಕೆ ಹೇಳಲಿ.

"ಮುಂದಿನ್ ವಾರ ಎರಡೂ ಬೆಲ್ಲ ತನ್ನಿ ಮಾವ. ಅವ್ಳನ್ನೂ ಕರ್ಕಂಡ್ ಬನ್ನಿ, ಅವ್ಳೇ ಅಲ್ವಾ ಮೊದ್ಲು ಕೇಳಿದ್ದು" ಅಂದಳು ಚಂದನಾ.

ಪುಟ್ಟತಾಯಮ್ಮನ ಮನೆಯಲ್ಲಿ ಮುದ್ದೆ, ಹಿದುಕಿದ ಬೇಳೆ ಸಾರು. ಹುಂಜ ಅಂಗಳದಲ್ಲಿ ತನಗೇನೂ ಸಂಬಂಧವಿಲ್ಲ ಅನ್ನುವಂತೆ ಕೆದಕುತ್ತಿತ್ತು. ರಿಯಾಜ್ ಎರಡು ಮುದ್ದೆ ನುಂಗಿ, ಮೂರನೆಯದಕ್ಕೆ ಬೇಡ ಬೇಡ ಅನ್ನುತ್ತಲೇ ತಟ್ಟೆ ಒಡ್ಡಿದ. ಆಮೇಲೆ ನಾವಿಬ್ಬರೂ ನಾಗಮಂಗಲಕ್ಕೆ ಹೋಗಿ ಪಾಂಡವಪುರದ ಬಸ್ಸು ಹಿಡಿದೆವು. ಸಂಜೆಯ ಬಿಸಿಲು ಓರೆಯಾಗಿ ಬಿದ್ದು, ಬಸ್ಸಿನೊಳಗಿನ ಧೂಳೂ ಚೆನ್ನಾಗಿ ಕಾಣುತ್ತಿತ್ತು. ಜಕ್ಕನಹಳ್ಳಿ ಹತ್ತಿರ ದೂರದಲ್ಲಿ ಮೇಲುಕೋಟೆ ಬೆಟ್ಟ ಕಂಡಿತು, ಸ್ವಲ್ಪ ಹೊತ್ತು ನಮ್ಮ ಜೊತೆಗೇ ಬಂದು ಹಿಂದೆ ಉಳಿಯಿತು. ಎಲ್ಲರೂ ತೂಕಡಿಸುತ್ತಿದ್ದರು. ರಿಯಾಜ್ ತೂಕಡಿಸಲಿಲ್ಲ.

"ಅವ್ಳು ಕೇಳಿದ್ದು ತಪ್ಪು ಅಂತ ಒಡೀಲಿಲ್ಲ ಮಿಸ್" ಅಂದ, ಕಿಟಕಿ ಕಡೆ ನೋಡುತ್ತಲೇ. "ಎಷ್ಟು ವರ್ಷದಿಂದ ಆ ಲೋಡು ಸಾಗಿಸ್ತಿವ್ನಿ. ಅದು ನನ್ ಕಣ್ಗೂ ಬಿದ್ದಿತ್ತು. ನಾನು ಕೇಳ್ಳಿಲ್ಲ. ಇಷ್ಟುದ್ದ ಹುಡ್ಗಿ ಕೇಳ್‌ಬುಡ್ತಲ್ಲ ಅಂತ ನಾಚ್ಕೆ ಆಯ್ತು. ಆ ನಾಚ್ಕೆಗೆ ಒಡ್ದೆ."

ಇನ್ನು ಲೋಡಿಗೆ ಏನು ಮಾಡುತ್ತೀಯ ಅಂತ ಕೇಳಿದೆ. "ಕೆ.ಆರ್.ಎಸ್. ಕಡೆ ತರಕಾರಿ ಐತಂತೆ, ವಿಚಾರಿಸ್ಬೇಕು. ಸಿಕ್ಕಿದ್ರೆ ಸಿಕ್ತು" ಅಂದ. ಅದು ಸಿಗುತ್ತದೆ ಅನ್ನುವ ಭರವಸೆ ಅವನ ಮುಖದಲ್ಲಿರಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಇಳಿದಾಗ ಮಸುಕಾಗಿತ್ತು. ನಾನು ಮನೆಗೆ ಹೋಗಬಹುದಿತ್ತು, ಕಾಲು ಅವನ ಹಿಂದೆಯೇ ಗಂಜಾಂ ಕಡೆ ನಡೆಯಿತು. ಸಮೀನಾ ಹೊಸಿಲ ಬಳಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು, ಎಲ್ಲಿಗೆ ಹೋಗಿದ್ದಿರಿ ಅಂತ ಕೇಳಲಿಲ್ಲ. ಹಿಂದಿನ ಸಮೀನಾ ಆಗಿದ್ದರೆ ಬಸ್ಸಿನ ನಂಬರಿನಿಂದ ಶುರುಮಾಡಿ ಪೂರ್ತಿ ಕೇಳಿ ಮುಗಿಸುತ್ತಿದ್ದಳು.

ರಿಯಾಜ್ ಅವಳ ಮುಂದೆ ಮೊಣಕಾಲೂರಿ ಕೂತ. "ಬೇಟಾ, ನಿನ್ ಸ್ಕೂಲ್ ಬುಡ್ಸಲ್ಲ. ನನ್ನ ಏನಾದ್ರೂ ಕೇಳು."

ಅವಳು ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿ ಮೆಲ್ಲಗೆ ಕೇಳಿದಳು:

"ಕೇಳುದ್ರೆ ಹೊಡಿಯಲ್ವಾ ಅಬ್ಬಾ?"

ರಿಯಾಜ್ ಇಲ್ಲ ಇಲ್ಲ ಅಂತ ತಲೆಯಾಡಿಸುತ್ತಾ ಅಲ್ಲೇ ಅತ್ತುಬಿಟ್ಟ. ಅವಳು ಅವನ ಪಕ್ಕದಲ್ಲೇ ಕೂತು, ಬಗ್ಗಿ ಅವನ ಮುಖ ಇಣುಕಿ ನೋಡಿ, "ಯಾಕ್ ಅಳ್ತಿದೀಯ?" ಅಂದಳು. ನಾನು ಸದ್ದಾಗದಂತೆ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಅದಕ್ಕೆ ಉತ್ತರ ಹೇಳಬೇಕಾದವನು ಅವನು.