ರೂತ್ ಎಂಬ ಹೆಸರು, ಕೊಟ್ಟೂರಿನ ಶೇಂಗಾ ಹೊಲ

ಕೊಟ್ಟೂರಿನ ಹತ್ತಿರದ ಹಳ್ಳಿಗೆ ಶಾಲೆಯ ಕೆಲಸಕ್ಕೆ ಹೋದ ಮೊದಲ ವಾರವೇ ನಾನು ಹಾಡಹಗಲಲ್ಲಿ ಕಳ್ಳರನ್ನು ಹಿಡಿದೆ. ಮನೆಯೊಡತಿ ಗೌರವ್ವನವರ ಹೊಲದಲ್ಲಿ ಶೇಂಗಾ ಕಿತ್ತು ಮುಗಿದಿತ್ತು. ಆರೇಳು ಹೆಂಗಸರು ಕುಕ್ಕರಗಾಲಲ್ಲಿ ಕೂತು, ಮಣ್ಣು ಕೆದಕಿ ಉಡಿ ತುಂಬಿಕೊಳ್ಳುತ್ತಿದ್ದರು. ಮಂಗಳೂರಿನವಳು ನಾನು, ನಮ್ಮಲ್ಲಿ ಪಕ್ಕದ ಹಿತ್ತಲಿನ ಉದುರಿದ ಮಾವಿನಕಾಯಿ ಮುಟ್ಟಿದರೂ ಜಗಳ. ಓಡಿಬಂದು ದೂರು ಹೇಳಿದೆ.

ಗೌರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. “ಸುಮ್ನಿರ್ರಿ ಅಕ್ಕೋರ,” ಎಂದರು. ಶಿಕ್ಷಕಿಯರನ್ನು ಅಲ್ಲಿ ಕರೆಯುವುದೇ ಹಾಗೆ. “ಹಕ್ಕಲ ಆರಸಾಕ ಬಂದಾರ. ಕಿತ್ತ ಮ್ಯಾಲ ಉಳಿದದ್ದು ಇಲ್ಲದವ್ರಿಗೆ. ಎಲ್ಲಾ ನಾವ ಬಳಕೊಂಡ್ರ ಭೂಮಿತಾಯಿ ಮೆಚ್ತಾಳೇನು?”

ಹಕ್ಕಲು ಎಂಬ ಪದವನ್ನು ಬಾಲ್ಯದ ಬೈಬಲ್ ತರಗತಿಯಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಅಂದೇ. ನನ್ನ ಹೆಸರು ರೂತ್. ಹೀಬ್ರೂವಿನಲ್ಲಿ ಅದಕ್ಕೆ ಗೆಳತಿ, ಸಂಗಾತಿ ಎಂಬ ಅರ್ಥ ಹೇಳುತ್ತಾರೆ. ಆ ಸಂಜೆ ಗೌರವ್ವನಿಗೆ ಹೆಸರಿನ ಅರ್ಥವನ್ನೂ ಬೈಬಲ್ಲಿನ ರೂತಳ ಕಥೆಯನ್ನೂ ಹೇಳಿದೆ. ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡ ನೊವೊಮಿ, ಮೋವಾಬ್ ದೇಶದ ತನ್ನ ಸೊಸೆಯರಿಬ್ಬರಿಗೂ ತವರಿಗೆ ಹೋಗಿ ಎಂದಳು. ಒರ್ಫಾ ಹೋದಳು. ರೂತ್ ಮಾತ್ರ ಅತ್ತೆಯ ಬೆನ್ನು ಹತ್ತಿ ಬೆತ್ಲೆಹೇಮಿಗೆ ಬಂದು, ಕಂಡವರ ಹೊಲದಲ್ಲಿ ಹಕ್ಕಲಾಯ್ದು ಇಬ್ಬರ ಹೊಟ್ಟೆ ಹೊರೆದಳು.

ನಮ್ಮ ಕಡೆ ಈ ಕಥೆ ಕೇಳಿದವರೆಲ್ಲ ರೂತಳನ್ನು ಹೊಗಳುತ್ತಾರೆ. ಗೌರವ್ವ ಕೇಳಿದ್ದೇ ಬೇರೆ.

“ಹೋದಾಕಿ ಮುಂದ ಏನಾದ್ಲ್ರಿ?”

“ಬರೆದಿಲ್ಲ ಗೌರವ್ವ.”

“ಪಾಪ, ಆಕೀನೂ ಅಳಕೊಂತ ಹೋಗಿರ್ತಾಳ.”

ಮಗ ತೀರಿಕೊಂಡ ಮೇಲೆ ಎಳೆಯ ಸೊಸೆಯನ್ನು ತೆಲಿಗಿಯ ತವರಿಗೆ ಬಸ್ಸು ಹತ್ತಿಸಿದವರು ಇವರೇ ಎಂಬುದು ನನಗೆ ಆಮೇಲೆ ತಿಳಿಯಿತು.

ಒಂಬತ್ತು ವರ್ಷ ಆ ಮನೆಯಲ್ಲಿದ್ದೆ. ಮೊದಮೊದಲು ಮೀನಿನ ವಾಸನೆ ನೆನೆದು ಅಳು ಬರುತ್ತಿತ್ತು. ಬರಬರುತ್ತಾ ಗುರೆಳ್ಳು ಪುಡಿಯಿಲ್ಲದೆ ತುತ್ತು ಇಳಿಯದಾಯಿತು. ನನ್ನ ‘ಮಾರಾಯ್ರೆ’ ಕೇಳಿ ನಗುತ್ತಿದ್ದ ಮಕ್ಕಳು, ಒಂದು ದಿನ ನಾನು ಮೈಮರೆತು ‘ಬರ್ರಿ’ ಎಂದಾಗ ಚಪ್ಪಾಳೆ ತಟ್ಟಿದರು. ಹಡಗಲಿ ಮಲ್ಲಿಗೆ ನಮ್ಮ ಮಂಗಳೂರು ಮಲ್ಲಿಗೆಯ ಮುಂದೆ ಏನೂ ಅಲ್ಲ ಎಂದು ಗೌರವ್ವನ ಜೊತೆ ವಾದ ಮಾಡುತ್ತ, ಅವರು ಕಟ್ಟಿಕೊಟ್ಟದ್ದನ್ನೇ ಮುಡಿದು ಶಾಲೆಗೆ ಹೋಗುತ್ತಿದ್ದೆ.

ಅಷ್ಟರಲ್ಲಿ ಊರಲ್ಲಿ ಅಮ್ಮನ ಕಣ್ಣು ಮಂಜಾಯಿತು. ವರ್ಗಾವಣೆ ಕೇಳಿದೆ, ಸಿಕ್ಕಿತು. ಗೌರವ್ವನಿಗೆ ಹೇಳಲು ಹದಿನೈದು ದಿನ ಬಾಯಿ ಬರಲಿಲ್ಲ. ಬಿಟ್ಟುಹೋಗದವಳ ಹೆಸರು ಹೊತ್ತುಕೊಂಡು, ಒಮ್ಮೆ ಸೊಸೆಯನ್ನು ಕಳಿಸಿದ ಮನೆಯಲ್ಲಿ, ನಾನೂ ಹೊರಟೆ ಎಂದು ಹೇಗೆ ಹೇಳಲಿ? ಕೊನೆಗೆ ಹೇಳಿದೆ. ಹೇಳುತ್ತಾ ಅತ್ತುಬಿಟ್ಟೆ.

“ಆ ಹೆಸರು ಇಟ್ಟಾಕಿ ನಿಮ್ಮವ್ವ,” ಎಂದರು ಗೌರವ್ವ. “ಆಕೀನ್ನ ಬಿಟ್ಟು ಇಲ್ಲಿ ಕುಂತ್ರ ಯಾರಿಗೆ ಸಂಗಾತಿ ಆದಂಗಾತು? ಹೋಗ್ರಿ. ಸುದ್ದಿ ಮಾತ್ರ ಕಳಸ್ತಾ ಇರ್ರಿ.”

ಈಗ ಮಂಗಳೂರಿನಲ್ಲಿ, ಸಂಜೆ ಹೊತ್ತು ಅಮ್ಮನಿಗೆ ಬೈಬಲ್ ಓದಿ ಹೇಳುತ್ತೇನೆ. ಮೊನ್ನೆ ರೂತಳ ಅಧ್ಯಾಯ ಬಂತು. ಒರ್ಫಾ ಅತ್ತೆಗೆ ಮುತ್ತಿಟ್ಟು ಹೊರಡುವ ಸಾಲಿನ ಮೇಲೆ ಬೆರಳಿಟ್ಟು ಕೂತೆ.

“ಯಾಕೆ ನಿಲ್ಲಿಸಿದೆ ಮಗಾ?” ಎಂದರು ಅಮ್ಮ.

“ಅತ್ತೆ ನೆನಪಾದರು,” ಎಂದೆ, ಮದುವೆಯೇ ಆಗದ ನಾನು.

“ಗೌರವ್ವನಿಗೆ ಸುದ್ದಿ ಕಳಿಸಿದೆಯಾ?” ಎಂದರು ಅಮ್ಮ.