ಬಾಯಲ್ಲಿ ಗುಂಡುಸೂಜಿ

ನನ್ನ ಗಂಡನನ್ನು ಬೀದಿಯವರೆಲ್ಲ ಸೂಜಿಬಾಯಿ ಎಂದೇ ಕರೆಯುತ್ತಿದ್ದರು. ಇವರು ದರ್ಜಿ, ಅದೇ ಅಂಗಡಿಯಲ್ಲಿ ಗುಂಡಿ ಹಾಕುವವಳು ನಾನು. ಗಿರಾಕಿಯ ಮೈಮೇಲೆ ಬಟ್ಟೆ ಹೊಂದಿಸುವಾಗ ಗುಂಡುಸೂಜಿಗಳೆಲ್ಲ ಇವರ ತುಟಿಗಳ ನಡುವೆ, ಮಾತೆಲ್ಲ ಮೂಗಿನಲ್ಲಿ. ಅಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಕೈ ಬಿಡುವಾದಾಗ ಅದೇ ಸೂಜಿಯಿಂದ ಹಲ್ಲು ಕುಕ್ಕಿ, ಬಂದದ್ದನ್ನು ಕಣ್ಣ ಹತ್ತಿರ ಹಿಡಿದು ನೋಡಿ, ಪ್ಯಾಂಟಿಗೆ ಒರೆಸಿ, ಮತ್ತೆ ಯಾರದೋ ಕಾಲರಿಗೆ ಚುಚ್ಚುತ್ತಿದ್ದರು. ಥೂ!

ಇವರ ಎದೆಯಲ್ಲಿ ಲೋಹದ ಕವಾಟವಿತ್ತು. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಹೃದಯದ ಕವಾಟ ಕೆಡಿಸಿ ಹೋಗಿತ್ತು. ಮದುವೆಯಾದ ಮೇಲೆ ಅದನ್ನು ತೆಗೆದು ಲೋಹದ್ದು ಕೂರಿಸಿದರು. ಕರೆಂಟು ಹೋಗಿ ಹೊಲಿಗೆ ಯಂತ್ರ ನಿಂತರೆ ಸಾಕು, ಟಿಕ್ ಟಿಕ್ ಕೇಳಿಸುತ್ತಿತ್ತು. ಗಿರಾಕಿಗಳು ಗೋಡೆಯ ಮೇಲೆ ಗಡಿಯಾರ ಹುಡುಕುತ್ತಿದ್ದರು.

"ಅಲ್ಲಲ್ಲ, ಇಲ್ಲಿದೆ," ಎಂದು ಇವರು ಎದೆ ತಟ್ಟಿ ನಗುತ್ತಿದ್ದರು. "ಕೀಲಿ ಕೊಡೋ ತಾಪತ್ರಯವೂ ಇಲ್ಲ."

ಕವಾಟ ಕೂರಿಸಿ ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರಮ್ಮ ಬಿಡಿಸಿ ಬಿಡಿಸಿ ಹೇಳಿದ್ದರು. "ಬಾಯಿ ಚೊಕ್ಕವಾಗಿಟ್ಕೊಳ್ಳಿ. ಹಲ್ಲು ಹುಳುಕಾದ್ರೆ ಅಲ್ಲಿರೋ ಕ್ರಿಮಿ ರಕ್ತಕ್ಕಿಳಿದು ಕವಾಟದ ಮೇಲೆ ಕೂತ್ಕೊಳ್ಳುತ್ತೆ. ಹಲ್ಲು ಕೀಳಿಸೋ ಮುಂಚೆ ಮಾತ್ರೆ ತಗೋಬೇಕು. ಜ್ವರ ಬಂದ್ರೆ ಎಲ್ಲೂ ನಿಲ್ಲದೆ ಇಲ್ಲಿಗೇ ಬನ್ನಿ." ಇವರು ತಲೆಯಾಡಿಸಿದರು. ಬಟ್ಟೆ ಯಾವಾಗ ಕೊಡ್ತೀರಿ ಎಂದು ಕೇಳಿದವರ ಮುಂದೆ ಆಡಿಸುತ್ತಾರಲ್ಲ, ಅದೇ ತಲೆ.

ದವಡೆ ಹಲ್ಲು ಹುಳುಕಾಯಿತು. ಬಾಯಿ ತೆರೆದರೆ ಸತ್ತ ಇಲಿಯ ನಾತ. ಹಲ್ಲು ತೋರಿಸಿಕೊಂಡು ಬನ್ನಿ ರೀ ಎಂದಾಗಲೆಲ್ಲ "ನಾಳೆ" ಎನ್ನುತ್ತಿದ್ದರು. ದರ್ಜಿಯ ನಾಳೆ ಎಂದರೇನೆಂದು ಎಲ್ಲರಿಗೂ ಗೊತ್ತು. ಕಂಡವರ ಬಟ್ಟೆಗೆ ಹೇಳುವ ನಾಳೆಯನ್ನು ತಮ್ಮ ಹಲ್ಲಿಗೂ ಹೇಳಿಕೊಂಡ ಮಹಾನುಭಾವರು! ಕೊನೆಗೆ ವಸಡು ಊದಿ ಕೆನ್ನೆ ಬಾತುಕೊಂಡ ದಿನ, ಅಂಗಡಿಯ ಕನ್ನಡಿಯ ಮುಂದೆ ನಿಂತು ದಪ್ಪ ಸೂಜಿಯಿಂದ ತಾವೇ ಚುಚ್ಚಿಕೊಂಡರು. ಕೀವನ್ನು ಬಟ್ಟೆಯ ಚೂರಿನ ಮೇಲೆ ಉಗಿದು, ಬಹುಮಾನ ಗೆದ್ದವರ ಹಾಗೆ ನನ್ನ ಮೂಗಿನ ಕೆಳಗೆ ಹಿಡಿದರು.

"ಎಷ್ಟು ಬಂತು ನೋಡೇ! ಈಗ ಹಗುರ ಆಯ್ತು."

"ನಿಮ್ಮ ಮುಖಕ್ಕಿಷ್ಟು! ಎಸೀರಿ ಆಚೆ!" ಎಂದವಳೇ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡೆ.

ಸ್ವಲ್ಪ ದಿನಕ್ಕೇ ಜ್ವರ ಶುರುವಾಯಿತು. ಸಂಜೆಯಾದರೆ ನಡುಕ, ಆಮೇಲೆ ಹಿಂಡಿದರೆ ಸುರಿಯುವಷ್ಟು ಬೆವರು. ಔಷಧಿ ಅಂಗಡಿಯ ಗೆಳೆಯ ಯಾವುದೋ ನಾಲ್ಕು ಮಾತ್ರೆ ಕೊಟ್ಟ, ಜ್ವರ ಇಳಿಯಿತು. ಇಳಿದ ಕೂಡಲೇ ಇವರು ಮಾತ್ರೆ ಬಿಟ್ಟರು, ಜ್ವರ ಮರಳಿತು. ಹೀಗೇ ನಡೆಯಿತು ಇಬ್ಬರು ಪಂಡಿತರ ವೈದ್ಯ. ಆಸ್ಪತ್ರೆಗೆ ನಡೀರಿ ಎಂದು ನಾನು ಬಡಿದುಕೊಂಡದ್ದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಒಂದು ಬೆಳಿಗ್ಗೆ ಗಿರಾಕಿಯ ಕೋಟಿನ ಅಂಚು ಇವರ ಎಡಗೈಯಿಂದ ಜಾರಿತು. ಬಾಯಿ ಒಂದು ಕಡೆಗೆ ವಾಲಿ, ತುಟಿಯಲ್ಲಿದ್ದ ಸೂಜಿಗಳು ಒಂದೊಂದಾಗಿ ನೆಲಕ್ಕುದುರಿದವು.

ಆಸ್ಪತ್ರೆಯಲ್ಲಿ ಅದೇ ಡಾಕ್ಟರಮ್ಮ ಕೇಳಿದರು, "ಹಲ್ಲಿಗೇನಾದ್ರೂ ಮಾಡ್ಕೊಂಡ್ರಾ?"

"ಏನೂ ಇಲ್ಲ," ಎಂದರು ಇವರು, ತೊದಲುತ್ತಾ.

"ಅಪ್ಪಟ ಸುಳ್ಳು! ಬಟ್ಟೆ ಹೊಲಿಯೋ ಸೂಜೀಲಿ ವಸಡು ಚುಚ್ಕೊಂಡಿದಾರೆ. ಕಂಡಕಂಡ ಮಾತ್ರೆ ನುಂಗಿದಾರೆ," ಎಂದು ನಾನೇ ಎಲ್ಲ ಒದರಿಬಿಟ್ಟೆ.

ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದರು. ಕವಾಟದ ಮೇಲೆ ಸೋಂಕು ಹೂಕೋಸಿನಂತೆ ಬೆಳೆದಿದೆ, ಅದರ ಚೂರೊಂದು ಕಿತ್ತು ಮಿದುಳಿಗೆ ಹೋಗಿ ಸಿಕ್ಕಿಕೊಂಡಿದೆ, ಅದಕ್ಕೇ ಎಡಗೈ ಎಡಗಾಲು ಬಿದ್ದುಹೋಗಿವೆ ಎಂದರು. "ಅರ್ಧಂಬರ್ಧ ಮಾತ್ರೆ ತಗೊಂಡಿದ್ದಕ್ಕೆ ಯಾವ ಕ್ರಿಮಿ ಅಂತಾನೂ ರಕ್ತದಲ್ಲಿ ಸಿಗ್ತಿಲ್ಲ. ಮತ್ತೆ ಎದೆ ಕೊಯ್ದು ಕವಾಟ ಬದಲಿಸ್ಬೇಕು. ಇಂಥವರಲ್ಲಿ ತುಂಬಾ ಜನ ಉಳಿಯಲ್ಲಮ್ಮ. ನಾನು ಮಾತು ಕೊಡಲಾರೆ."

ನನಗೆ ಅಳು ಬರಲಿಲ್ಲ, ಹೇಸಿಗೆ ಬಂತು. ಯುದ್ಧವಲ್ಲ, ಅಪಘಾತವಲ್ಲ, ಒಂದು ಕೊಳೆತ ಹಲ್ಲಿಗೆ ಈ ಮನುಷ್ಯ ನನ್ನನ್ನು ವಿಧವೆ ಮಾಡಲು ಹೊರಟಿದ್ದರಲ್ಲ! ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತಂದುಕೊಂಡಿದ್ದರು.

ಬದುಕಿದರು. ವಾರಗಟ್ಟಲೆ ನರಕ್ಕೆ ಔಷಧಿ ಇಳಿಸಿ, ಹುಳುಕು ಹಲ್ಲುಗಳನ್ನೆಲ್ಲ ಕಿತ್ತು, ಈ ಸಲ ಪ್ರಾಣಿಯ ಅಂಗಾಂಶದ ಕವಾಟ ಕೂರಿಸಿದರು. ಅದು ಸದ್ದು ಮಾಡುವುದಿಲ್ಲ. ಕಾಲು ಸರಿಹೋಯಿತು, ಮಾತು ತಿಳಿಯಾಯಿತು, ಎಡಗೈ ಮಾತ್ರ ಏಳಲಿಲ್ಲ.

ಅಂಗಡಿ ತೆರೆದ ದಿನ, ಅರ್ಧಕ್ಕೆ ನಿಂತಿದ್ದ ಆ ಕೋಟಿನ ಗಿರಾಕಿಯೇ ಮೊದಲು ಬಂದ. ಇವರು ನನಗೆ ಬೆನ್ನು ಹಾಕಿ ಅವನ ಮೈಮೇಲೆ ಕೋಟು ಹೊಂದಿಸುತ್ತಿದ್ದರು, ನಾನು ಯಂತ್ರದ ಮುಂದೆ ಹೊಲಿಯುತ್ತಾ ಕೂತಿದ್ದೆ. ಕರೆಂಟು ಹೋಯಿತು. ಯಂತ್ರ ನಿಂತಿತು, ಟಿಕ್ ಟಿಕ್ ಇಲ್ಲ. ಹೊಸ ಕವಾಟಕ್ಕೆ ಸದ್ದಿಲ್ಲವೆಂದು ಗೊತ್ತಿದ್ದೂ ನನ್ನ ಜೀವ ಝಲ್ಲೆಂದಿತು.

"ರೀ!"

"ಮ್ಮ್?" ಎಂದು ತಿರುಗಿದರು. ತುಟಿಗಳ ನಡುವೆ ಗುಂಡುಸೂಜಿಗಳ ಸಾಲು.

"ಥೂ ನಿಮ್ಮ! ಯಮನ ಮನೆ ಹೊಸಿಲು ತುಳಿದು ಬಂದ್ರೂ ಬುದ್ಧಿ ಬರ್ಲಿಲ್ವಾ? ಉಗೀರಿ ಮೊದಲು!"

ಉಗಿಯಲಿಲ್ಲ. ಬಲಗೈ ಕೋಟಿನ ಅಂಚು ಹಿಡಿದಿತ್ತು, ಎಡಗೈ ಜೋತಾಡುತ್ತಿತ್ತು. ತುಟಿ ಬಿಗಿದುಕೊಂಡೇ ಮೂಗಿನಲ್ಲಿ ಹೇಳಿದರು, "ಹಿಡ್ಕೊಳ್ಳೋಕೆ ಇನ್ನೊಂದು ಕೈ ಎಲ್ಲಿದೆ, ನೀನೇ ಹೇಳು."

ಗಿರಾಕಿ ನೆಲ ನೋಡಿದ. ನಾನು ಎದ್ದು ಹೋಗಿ ಇವರ ಗಲ್ಲದ ಕೆಳಗೆ ಅಂಗೈ ಒಡ್ಡಿದೆ. ಸೂಜಿಗಳು ಒಂದೊಂದಾಗಿ ಬಿದ್ದವು, ಎಂಜಲಲ್ಲಿ ನೆಂದು, ಬೆಚ್ಚಗೆ. ನಾನು ಕೈ ತೆಗೆಯಲಿಲ್ಲ.

"ಇರಿ, ತೊಳ್ಕೊಂಡು ಬರ್ತೀನಿ," ಎಂದೆ. "ಇನ್ಮೇಲೆ ನಾನೇ ಹಿಡ್ಕೊಳ್ತೀನಿ. ಒಂದೊಂದೇ ಇಸ್ಕೊಳ್ಳಿ."