ಕೈ ತೊಳೆದು ಬರುತ್ತಿದ್ದ ಪದ್ಮಕ್ಕ

ಪದ್ಮಕ್ಕ ದಿನಕ್ಕೆ ಏಳೆಂಟು ಸಲ ಕೈ ತೊಳೆಯುತ್ತಿದ್ದರು. ಒಂದು ಕಂಪ್ಯೂಟರ್ ಭಾಷೆಯ ಕೆಲಸ ಮುಗಿಸಿ ಇನ್ನೊಂದಕ್ಕೆ ಕೂರುವ ಮುನ್ನ ಎದ್ದು, ಆಫೀಸಿನ ಹಿಂದಿನ ನಲ್ಲಿಗೆ ಹೋಗಿ, ಮೊಣಕೈವರೆಗೆ ನೀರು ಹಾಕಿಕೊಂಡು, ಸೆರಗಿನಲ್ಲಿ ಒರೆಸಿಕೊಳ್ಳುತ್ತ ಬರುತ್ತಿದ್ದರು. ಆಮೇಲೆಯೇ ಕೀಲಿಮಣೆ ಮುಟ್ಟುವುದು.

ರಾಯಚೂರಿನ ನಮ್ಮ ಸಣ್ಣ ಆಫೀಸಿನಲ್ಲಿ ಪ್ರೋಗ್ರಾಂ ಬರೆಯುವವರು ನಾವಿಬ್ಬರೇ. ಗಿರಣಿಗಳ ತೂಕದ ಪ್ರೋಗ್ರಾಂ ಹಳೆಯ ಫಾಕ್ಸ್‌ಪ್ರೊದಲ್ಲಿ, ಶಾಲೆಗಳದ್ದು ಜಾವಾದಲ್ಲಿ, ವೆಬ್‌ಸೈಟುಗಳು ಪಿಎಚ್‌ಪಿಯಲ್ಲಿ, ಹೊಸದೆಲ್ಲ ಪೈಥಾನ್‌ನಲ್ಲಿ. ಒಂದರಲ್ಲಿ ಸರಿಯಾದದ್ದು ಇನ್ನೊಂದರಲ್ಲಿ ತಪ್ಪು. ಬೆಳಿಗ್ಗೆ ಒಂದು, ಮಧ್ಯಾಹ್ನ ಎರಡು. ಸಂಜೆ ಯಾರಾದರೂ ಫೋನ್ ಮಾಡಿದರೆ ನಾಲ್ಕನೆಯದು.

ನಾನು ಗುಂಜಹಳ್ಳಿಯ ಒಕ್ಕಲು ಮನೆಯವನು. ಅವರು ಮಾನ್ವಿಯವರು, ತಂದೆ ಗುಡಿಯಲ್ಲಿ ಪೂಜೆ ಮಾಡುತ್ತಿದ್ದರು. ಮೊದಲ ವಾರ, ನಾನು ಅವರ ಕಂಪ್ಯೂಟರ್ ಮುಟ್ಟಿದ ಮೇಲೆ ಅವರು ಎದ್ದು ಹೋಗಿ ಕೈ ತೊಳೆದದ್ದನ್ನು ಕಂಡು ನನ್ನ ಮನಸ್ಸು ಮುದುಡಿತ್ತು. ಅದು ಅವರಿಗೆ ತಿಳಿಯಿತು.

"ಅಯ್ಯ ಶರಣು, ನಿನ್ನ ಸಲುವಾಗಿ ಅಲ್ಲೋ! ಕೈಗೆ ಜಾವಾ ಹತ್ತೇದ. ಹಂಗ ಒಯ್ದು ಫಾಕ್ಸ್‌ಪ್ರೊಕ್ಕ ಹಚ್ಚಿದ್ರ ಎರಡೂ ಕೆಡ್ತಾವ. ನಮ್ಮವ್ವ ಅಡಗಿಮನ್ಯಾಗ ಮಡಿ ಮಾಡ್ತಿದ್ಲು, ನಾ ಇಲ್ಲಿ ಮಾಡ್ತೀನಿ. ಏಳು, ನೀನೂ ತೊಳಕೊಂಡು ಬಾ."

ಅಂದು ಮಧ್ಯಾಹ್ನ ತಮ್ಮ ಡಬ್ಬಿಯನ್ನು ನಡುವೆ ಇಟ್ಟರು. ಆಮೇಲೆ ನಾವು ಬೇರೆ ಬೇರೆ ಉಂಡದ್ದು ನೆನಪಿಲ್ಲ.

ಒಮ್ಮೆ ನಾನು ಅವಸರಕ್ಕೆ ಬಿದ್ದೆ. ದೇವದುರ್ಗದ ಹತ್ತಿ ಮಿಲ್ಲಿನಲ್ಲಿ, ಬಂದ ಗಾಡಿಗಳ ಪಾಳಿ ತೋರಿಸುವ ಪರದೆಯೊಂದು ಬೇಕಿತ್ತು. ಬೆಳಗಿನಿಂದ ಫಾಕ್ಸ್‌ಪ್ರೊದಲ್ಲಿ ಮುಳುಗಿದ್ದವನು ಕೈ ತೊಳೆಯಲು ಏಳದೆ ಅದನ್ನೂ ಪೈಥಾನ್‌ನಲ್ಲಿ ಬರೆದುಬಿಟ್ಟೆ. ಹಳೆಯದರಲ್ಲಿ ಎಣಿಕೆ ಒಂದರಿಂದ ಶುರುವಾಗುತ್ತದೆ, ಹೊಸದರಲ್ಲಿ ಸೊನ್ನೆಯಿಂದ. ನಾನು ಒಂದರಿಂದಲೇ ಎಣಿಸಿದ್ದೆ. ಪಾಳಿಯ ಮೊದಲ ಗಾಡಿ ಪರದೆಯ ಮೇಲೆ ಬರಲೇ ಇಲ್ಲ. ಅರಕೇರಾದಿಂದ ನಸುಕಿನಲ್ಲೇ ಹತ್ತಿ ತಂದು ಎಲ್ಲರಿಗಿಂತ ಮುಂದೆ ನಿಂತಿದ್ದ ಮುದುಕನೊಬ್ಬನನ್ನು ಮಧ್ಯಾಹ್ನದವರೆಗೆ ಯಾರೂ ಕರೆಯಲಿಲ್ಲ.

ಮಿಲ್ಲಿನಿಂದ ಫೋನ್ ಬಂದ ಕೂಡಲೇ ಪದ್ಮಕ್ಕ ನನ್ನನ್ನು ಬಸ್ಸಿಗೆ ಹತ್ತಿಸಿಕೊಂಡು ಹೋದರು. ನೇರ ಆ ಮುದುಕನ ಬಳಿ ನಿಂತು, "ಯಪ್ಪಾ, ತಪ್ಪು ನಮ್ದು" ಎಂದರು.

"ಇರ್ಲಿ ಬಿಡಬೇ ಯವ್ವಾ," ಎಂದ ಆತ. "ಮಂದಿಗೆ ಕಾಣೂದಿಲ್ಲ ಅಂತ ಗೊತ್ತಿತ್ತು. ಮಷೀನಿಗೂ ಕಾಣ್ಲಿಲ್ಲೇನು ನಾ?"

ಮರಳುವಾಗ ಅವರು ನನ್ನನ್ನು ಬೈಯಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು. ಬೈದಿದ್ದರೆ ಹಗುರಾಗುತ್ತಿತ್ತು.

ಕೊನೆಯ ಸಲ ಅವರನ್ನು ಕಂಡದ್ದು ಮಾನ್ವಿಯಲ್ಲಿ, ಅವರ ತಮ್ಮನ ಮನೆಯಲ್ಲಿ. ಕಾಯಿಲೆ ಅವರನ್ನು ಅರ್ಧ ಮಾಡಿತ್ತು.

"ಎಲ್ಲಾ ಬಿಟ್ಟು ಹೋದ್ವೋ ಶರಣು," ಎಂದರು. "ಜಾವಾ ಮೊದ್ಲ ಹೋತು. ಫಾಕ್ಸ್‌ಪ್ರೊ ಒಂದೀಟು ಉಳದದ. ಕನಸಿನ್ಯಾಗ ಬರೇ ಕನ್ನಡ ಬರ್ತದ." ನಕ್ಕರು. ಕೆಮ್ಮು ಬಂತು. ಸುಧಾರಿಸಿಕೊಂಡು ಹೇಳಿದರು: "ದೇವದುರ್ಗದ ತೂಕದ್ದು ಹಳೇದಾತು. ಆ ಕಂಪ್ಯೂಟರ್ ಇನ್ನ ಬಾಳೂದಿಲ್ಲ. ನಾ ಬರ್ದದ್ದು ಮುರಿ, ಹೊಸಾದು ಕಟ್ಟು. ಆದ್ರ ನೀನ ಮುರಿ. ಬ್ಯಾರೆಯವರಿಗೆ ಅದರಾಗ ಏನೇನದ ಗೊತ್ತಾಗೂದಿಲ್ಲ."

"ನನ್ನ ಒಬ್ಬನ ಕಡೆಯಿಂದ ಆಗೂದಿಲ್ರಿ ಅಕ್ಕಾರ," ಎಂದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಕೇಳಿಸಿತೋ ಇಲ್ಲವೋ.

ಅವರು ಹೋದ ಮೇಲೆ ಮೂರು ತಿಂಗಳು ಅವರ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದೆ. ಅದನ್ನು ಪೈಥಾನ್‌ನಲ್ಲಿ ಹೊಸದಾಗಿ ಬರೆದೆ. ಏನಾದರೂ ಕೇಳಬೇಕೆನಿಸಿದರೆ ಪಕ್ಕದ ಕುರ್ಚಿ ಖಾಲಿ. ಎಲ್ಲಿ ತಪ್ಪಿದರೂ ತೋರಿಸಿಕೊಡುವವರಿಲ್ಲ ಎಂಬ ಭಯದಲ್ಲಿ ಪ್ರತಿಯೊಂದನ್ನೂ ಮೂರು ಸಲ ನೋಡಿದೆ.

ಹೋದ ವಾರ ದೇವದುರ್ಗಕ್ಕೆ ಹೋಗಿ ಹೊಸದನ್ನು ಕೂರಿಸಿದೆ. ಮಿಲ್ಲಿನ ಗುಮಾಸ್ತ ಮೌಲಾಸಾಬ ನಾಲ್ಕು ಗಾಡಿ ತೂಗಿ, ಚೀಟಿಗಳನ್ನು ತಿರುಗಿಸಿ ಮುರುಗಿಸಿ ನೋಡಿದ.

"ಹೊಸಾದು ಹಾಕ್ತೀನಿ ಅಂದಿದ್ರಲ್ರಿ ಸರ? ಇದು ಅಕ್ಕಾರದ ಅದ ಅಲ್ರಿ!"

"ಹೊಸಾದ ಐತ್ರಿ ಮೌಲಾಸಾಬ."

"ಏನೂ ಫರಕ್ ಇಲ್ಲ ಬಿಡ್ರಿ," ಎಂದು ಬೇಸರದಿಂದ ಮುಂದಿನ ಗಾಡಿ ಕರೆದ.

ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಅದು ತಿಳಿದಿದ್ದವರು ಒಬ್ಬರೇ ಇದ್ದರು. ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರನ್ನು ನಾನೇ ಬಂದ್ ಮಾಡಿದೆ. ಅದರೊಳಗಿನ ಫ್ಯಾನು ಸ್ವಲ್ಪ ಹೊತ್ತು ತಿರುಗುತ್ತಲೇ ಇತ್ತು. ಪೂರ್ತಿ ನಿಲ್ಲುವವರೆಗೆ ಅಲ್ಲೇ ನಿಂತಿದ್ದೆ.